ಮುತ್ತತ್ತಿಗೆ ಬಾರದ ನೀರು

ಮಳವಳ್ಳಿಯಿಂದ ಹೊರಟು ಹಲಗೂರನ್ನು ದಾಟಿ ಕಾಡಿನೊಳಗೆ ಇಳಿಯುವ ದಾರಿಯ ಕೊನೆಯಲ್ಲಿ, ಹೊಳೆಮತ್ತಿಯ ಮುದಿಮರಗಳು ನೀರಿನ ಮೇಲೆ ಬಾಗಿ ನಿಂತಿರುವ ಮುತ್ತತ್ತಿಯಲ್ಲಿ, ಸೀತಾದೇವಿಯ ಮೂಗುತಿಯ ಮುತ್ತನ್ನು ಮಡುವಿನಿಂದ ಹುಡುಕಿ ತೆಗೆದನೆಂದು ಜನ ನಂಬಿರುವ ಮುತ್ತೆತ್ತಿರಾಯನಿಗೆ ಕೈಮುಗಿದು ಬಂಡೆಯ ಮೇಲೆ ಕುಳಿತವನಿಗೆ, ಕಣ್ಣೆದುರು ಹರಿಯುತ್ತಿರುವುದೇ ಕಾವೇರಿಯ ಪೂರ್ಣಸ್ವರೂಪವೆಂದು ತೋರುವುದು ಸಹಜ. ಆದರೆ ಆ ನದಿಯ ಒಂದು ಪಾಲು ಇಲ್ಲಿಗೆ ಬರುವ ಮುನ್ನವೇ ಶಿವನಸಮುದ್ರದ ಮೇಲಣ ಶಿವ ಅಣೆಕಟ್ಟಿನ ಬಳಿ ತಿರುಗಿ, ನೆಟ್ಕಲ್ ಜಲಾಶಯವನ್ನು ಹಾದು, ಮಳವಳ್ಳಿ ತಾಲ್ಲೂಕಿನದೇ ಆದ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಸುಮಾರು 500 ಮೀಟರ್ ಎತ್ತರವನ್ನೂ 100 ಕಿಲೋಮೀಟರ್ ದೂರವನ್ನೂ ಯಂತ್ರಬಲದಿಂದ ಕ್ರಮಿಸಿ ಬೆಂಗಳೂರನ್ನು ಸೇರುವುದು. 1974ರಲ್ಲಿ ಮೊದಲ ಹಂತವನ್ನು ಕಂಡ ಈ ಯೋಜನೆ 2024ರ ಅಕ್ಟೋಬರಿನಲ್ಲಿ ಐದನೆಯದನ್ನು ಮುಟ್ಟಿತು. ಹಾಗೆ ಹೋದ ನೀರು ಅಲ್ಲಿ ಏನಾಗುತ್ತದೆಂಬ ಪ್ರಶ್ನೆ, ನಾಲೆಯ ಸರದಿಗಾಗಿ ರಾತ್ರಿಯೆಲ್ಲ ಬದುವಿನ ಮೇಲೆ ಕಾಯುವ ಜನರ ನಡುವೆ ಬೆಳೆದವರನ್ನು ಕಾಡದೆ ಇರದು.

ಉತ್ತರದ ಒಂದಂಶ ಬೆಂಗಳೂರಿನ ಜಕ್ಕೂರು ಕೆರೆಯ ಬಳಿ ದೊರೆಯುವುದು. ಕಾವೇರಿಯಿಂದಲೋ ಕೊಳವೆಬಾವಿಯಿಂದಲೋ ಮನೆಗಳಿಗೆ ಬಂದು ಕೊಳೆಯಾಗಿ ಹೊರಟ ನೀರು ಅಲ್ಲಿನ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ, ಜೊಂಡು ಬೆಳೆದ ಜೌಗುನೆಲದ ಮೂಲಕ ಮೆಲ್ಲನೆ ಸೋಸಿಕೊಂಡು ಕೆರೆಗೆ ಇಳಿಯುತ್ತದೆ. ಆ ಕೆರೆಯನ್ನು ಕಾಯುತ್ತಿರುವ ‘ಜಲಪೋಷಣ್’ ಸಂಸ್ಥೆಯ ಸ್ವಯಂಸೇವಕರು ಕೆರೆಯ ಅಂಗಳದಲ್ಲಿಯೇ ಒಂದು ಸಾಮುದಾಯಿಕ ತೋಟವನ್ನು ಎಬ್ಬಿಸಿರುವರು.

ನಗರದ ನಡುವೆ ಹೀಗೆ ಸೊಪ್ಪು ತರಕಾರಿ ಬೆಳೆದುಕೊಳ್ಳುವ ಹವ್ಯಾಸಕ್ಕೆ ಬೆಂಗಳೂರಿನಲ್ಲಿ ನೆಲ ಹದಮಾಡಿದವರು ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್. ನೆಲವಿಲ್ಲದವರಿಗೆ ತಾರಸಿಯೇ ನೆಲವೆಂದು 1995ರಿಂದ ಅವರು ನಡೆಸಿಕೊಂಡು ಬಂದ ತರಬೇತಿಗಳ ಫಲವಾಗಿ 2011ರಲ್ಲಿ ‘ಗಾರ್ಡನ್ ಸಿಟಿ ಫಾರ್ಮರ್ಸ್’ ಎಂಬ ಸಂಸ್ಥೆ ರೂಪುಗೊಂಡಿತು. ಅದರ ‘ಊಟ ಫ್ರಂ ಯುವರ್ ತೋಟ’ ಮೇಳದಲ್ಲಿ ಬೀಜವೂ ಸಸಿಯೂ ಕೈಯಿಂದ ಕೈಗೆ ಸಾಗುವುದನ್ನು ನೋಡುವುದೇ ಒಂದು ಸಂತೋಷ. ದೂರದ ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಮಹಿಳೆ ಗೆಳೆಯರೊಡಗೂಡಿ ಕಸದ ರಾಶಿ ಬಿದ್ದಿದ್ದ ಪಾಳು ನಿವೇಶನವೊಂದನ್ನು ತೋಟವಾಗಿಸಿದುದೂ ಇದೇ ಮನೋಧರ್ಮದಿಂದ.

ಪಾಳು ನಿವೇಶನವನ್ನು ತೋಟವಾಗಿ ಮಾಡುವುದು ಸುಲಭದ ಮಾತಲ್ಲ. ಆಳೆತ್ತರದ ಕಾಂಗ್ರೆಸ್ ಗಿಡವನ್ನು ಹೂಬಿಡುವ ಮುನ್ನ ಬೇರುಸಹಿತ ಕಿತ್ತಾದ ಮೇಲೆ ಅದರಡಿಯಲ್ಲಿ ಕಾಣಸಿಗುವುದು ಮಣ್ಣಲ್ಲ. ಒಡೆದ ಇಟ್ಟಿಗೆ, ಗಟ್ಟಿಕಟ್ಟಿದ ಸಿಮೆಂಟು, ಗಾಜಿನ ಚೂರು, ಅರ್ಧ ಹೂತುಹೋದ ಪ್ಲಾಸ್ಟಿಕ್ ಚೀಲ. ಗುದ್ದಲಿ ಠಣ್ಣೆಂದು ಹಿಂದಕ್ಕೆ ನೆಗೆಯುವ ಇಂಥ ನೆಲಕ್ಕೆ ಮೊದಲು ಅಪ್ಸೆಣಬು, ಡಯಾಂಚ, ಅಲಸಂದೆಗಳನ್ನು ಚೆಲ್ಲಿ, ಹೂಬಿಡುವ ಹೊತ್ತಿಗೆ ಅಲ್ಲಿಯೇ ಮಗುಚಬೇಕು. ಜೊತೆಗೆ, ಬೀದಿಯಲ್ಲಿ ಗುಡಿಸಿ ಬೆಂಕಿಯಿಡುವ ತರಗೆಲೆಯನ್ನು ಮೂಟೆಕಟ್ಟಿ ತಂದು, ಅಡುಗೆಮನೆಯ ಸಿಪ್ಪೆಯೊಡನೆ ಪದರಪದರವಾಗಿ ಒಟ್ಟಿ ನೀರು ಚಿಮುಕಿಸಬೇಕು. ನಾಲ್ಕಾರು ದಿನ ಬಿಟ್ಟು ಮೇಲ್ಪದರವನ್ನು ಸರಿಸಿ ಕೈಯಿಟ್ಟರೆ, ಕಾದ ಹಾಲಿನ ಪಾತ್ರೆಯನ್ನು ಮುಟ್ಟಿದಂತೆ ಬಿಸಿ ತಾಕುವುದು. ಎರಡು ಮೂರು ತಿಂಗಳಲ್ಲಿ ಅದು ಕಪ್ಪಾಗಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಕಿಸಿದರೆ ಉದುರುವ ಹದಕ್ಕೆ ಬಂದು, ಮೊದಲ ಮಳೆಯ ನೆಲದ ವಾಸನೆಯನ್ನು ಕೊಡತೊಡಗುತ್ತದೆ. ಆಮೇಲಷ್ಟೆ ಪಾತಿ, ಮೊದಲಿಗೆ ದಂಟು, ಹರಿವೆ, ಮೆಂತ್ಯ, ಬೇಲಿಗೆ ಅವರೆ. ನಿವೇಶನದ ಒಡೆಯನ ಅನುಮತಿ ಇಲ್ಲದೆ ಕೈಹಾಕಬಾರದೆಂಬುದನ್ನೂ, ನಾಳೆ ಅಲ್ಲಿ ಕಟ್ಟಡವೇಳುವುದಾದರೆ ಬಿಟ್ಟುಕೊಡಬೇಕೆಂಬುದನ್ನೂ ಮೊದಲೇ ಒಪ್ಪಿಕೊಂಡಿರಬೇಕು. ಬೇಸಾಯಗಾರನಿಗೆ ಇದಕ್ಕಿಂತ ದೊಡ್ಡ ನೋವು ಬೇರೊಂದಿಲ್ಲ.

ಕೋಟಿಗೂ ಮೀರಿದ ಜನರ ಹಸಿವನ್ನು ಇಂಥ ತೋಟಗಳು ನೀಗಲಾರವು. ಆದರೂ ಇವುಗಳನ್ನು ನಾನು ಅತ್ಯಂತ ಗೌರವದಿಂದ ಕಾಣುವೆನು. ಏಕೆಂದರೆ, ಬೆಳಗ್ಗೆ ಬಿಂದಿಗೆ ಹೊತ್ತು ಒಂದು ಪಾತಿ ಸೊಪ್ಪಿಗೆ ನೀರೆರೆದು, ಒಂದು ವಾರ ಮರೆತು ಅದು ಬಾಡಿದುದನ್ನು ಕಂಡ ನಗರವಾಸಿಗೆ, ಮಂಡ್ಯದ ರೈತ ನೀರಿಗಾಗಿ ಏಕೆ ಅಷ್ಟೊಂದು ಪರಿತಪಿಸುವನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿಗೆ ಏರಿಹೋದ ನೀರು ಮುತ್ತತ್ತಿಯ ಬಂಡೆಗಳನ್ನು ಮತ್ತೆ ಮುಟ್ಟುವುದಿಲ್ಲ. ಜಕ್ಕೂರಿನ ಕೆರೆ ತುಂಬಿ ಹರಿದದ್ದು ಕೆರೆಸಾಲನ್ನು ಹಿಡಿದು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುವುದು. ನಗರದ ಪಶ್ಚಿಮದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಕೂಡಿಕೊಂಡರೂ ಕೂಡುವುದು ಮುತ್ತತ್ತಿಯಿಂದ ಕೆಳಗಣ ಸಂಗಮದಲ್ಲಿ. ಮಳವಳ್ಳಿ, ಮದ್ದೂರಿನಿಂದ ಹೋಗಿ ಆ ನಗರದಲ್ಲಿ ನೆಲೆಸಿರುವ ಬಂಧುಗಳೇ, ಮುಂದಿನ ಸಲ ಊರಿಗೆ ಬಂದಾಗ ಅಟ್ಟದ ಮೇಲಿನ ಮಡಕೆಯಿಂದ ಒಂದು ಹಿಡಿ ಅವರೆಬೀಜವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ, ನಿಮ್ಮ ಬೀದಿಯ ಖಾಲಿ ನಿವೇಶನದ ಒಡೆಯನನ್ನು ಒಮ್ಮೆ ಕೇಳಿನೋಡಿರಿ.