ಉದ್ದಿಮೆಗೆ ಜಮೀನು: ಸಡಿಲವಾದ ಕಾನೂನು, ಸಡಿಲವಾಗದ ಹೊಣೆ

ಕೆಲವು ತಿಂಗಳ ಹಿಂದೆ ಬ್ಯಾಡಗಿಯ ವರ್ತಕರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಕಾಗಿನೆಲೆ ರಸ್ತೆಯಲ್ಲಿ ಎರಡು ಎಕರೆ ಹೊಲ ಖರೀದಿಸಿ, ಖಾರದ ಪುಡಿ ಘಟಕದ ಯಂತ್ರಗಳಿಗೆ ಮುಂಗಡವನ್ನೂ ಕೊಟ್ಟಿದ್ದರು. ಖರೀದಿ ಪತ್ರ ನೋಂದಣಿಯಾಗಿತ್ತು, ಉತಾರದಲ್ಲಿ ಹೆಸರೂ ದಾಖಲಾಗಿತ್ತು. ಆದರೂ ಬ್ಯಾಂಕು ಸಾಲ ಮಂಜೂರು ಮಾಡಲಿಲ್ಲ. ಕಾರಣ, ಜಮೀನು ಬಿನ್‌ಶೇತ್ಕಿ ಆಗಿರಲಿಲ್ಲ. “ಕಾನೂನು ಬದಲಾಗಿ ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದಲ್ಲವೇ, ಸಾಹೇಬರೇ?” ಎಂಬುದು ಅವರ ಪ್ರಶ್ನೆ. ಕೊಳ್ಳಬಹುದು, ನಿಜ. ಆದರೆ ಕೊಳ್ಳುವ ಹಕ್ಕು, ಅದರಲ್ಲಿ ಕಾರ್ಖಾನೆ ಕಟ್ಟುವ ಅನುಮತಿ ಹಾಗೂ ಕಾರ್ಖಾನೆ ನಡೆಸುವ ಸಮ್ಮತಿ ಇವು ಮೂರು ಬೇರೆ ಬೇರೆ ಕಾನೂನುಗಳ ವಿಷಯ. ಒಂದು ಸಡಿಲವಾದರೆ ಉಳಿದೆರಡು ತಾವಾಗಿ ಸಡಿಲವಾಗುವುದಿಲ್ಲ. ಇದನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

1. ಜಮೀನು ಕೊಳ್ಳುವ ಹಕ್ಕು

ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರ 79ಎ ಕಲಂ ಪ್ರಕಾರ ಕೃಷಿಯೇತರ ಆದಾಯವು ನಿಗದಿತ ಮಿತಿಯನ್ನು ಮೀರಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಈ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿಸಲಾಯಿತು. ಕಂಪನಿಗಳಿಗೆ 79ಬಿ ಕಲಂ ಅಡ್ಡಿಯಾಗಿತ್ತು. 2020ರ ಜುಲೈ ತಿಂಗಳ ಸುಗ್ರೀವಾಜ್ಞೆ ಹಾಗೂ ಅದೇ ವರ್ಷದ ತಿದ್ದುಪಡಿ ಕಾಯ್ದೆಯು 79ಎ, 79ಬಿ, 79ಸಿ ಕಲಂಗಳನ್ನೇ ಕೈಬಿಟ್ಟಿತು.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ನೀರಾವರಿ ಸೌಲಭ್ಯವುಳ್ಳ ‘ಎ’ ವರ್ಗದ ಜಮೀನನ್ನು ಕೃಷಿಗೇ ಬಳಸಬೇಕೆಂಬ ನಿರ್ಬಂಧವನ್ನು ಉಳಿಸಿಕೊಳ್ಳಲಾಗಿದೆ. ತುಂಗಾ ಮೇಲ್ದಂಡೆ ಕಾಲುವೆಯ ಆಸುಪಾಸಿನಲ್ಲಿ ಜಮೀನು ನೋಡುವವರು ಇದನ್ನು ಮೊದಲು ವಿಚಾರಿಸಬೇಕು. ಎರಡನೆಯದಾಗಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯನ್ವಯ ಆ ವರ್ಗಾವಣೆ ಅಸಿಂಧು. ಅಂಥ ಜಮೀನನ್ನು ಮರಳಿ ಪಡೆಯಲು ಅರ್ಜಿ ಸಲ್ಲಿಸುವುದಕ್ಕೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಆದ್ದರಿಂದ ಹದಿಮೂರು ವರ್ಷಗಳ ಉತಾರ ನೋಡಿದರೆ ಸಾಲದು. ಜಮೀನು ಮೂಲತಃ ಯಾರಿಗೆ ಹೇಗೆ ಬಂತೆಂಬುದನ್ನು ನೋಡಬೇಕು.

2. ಬಿನ್‌ಶೇತ್ಕಿ

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಂ ಅನ್ವಯಿಸುತ್ತದೆ. ಜಮೀನು ಸ್ಥಳೀಯ ಯೋಜನಾ ಪ್ರದೇಶದೊಳಗೆ ಬಂದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಂತೆ ಮಹಾಯೋಜನೆಯಲ್ಲಿ ಅದು ಯಾವ ವಲಯದಲ್ಲಿದೆ ಎಂಬುದೂ ಮುಖ್ಯ. ವಸತಿ ವಲಯದ ಜಮೀನನ್ನು ಕೊಂಡು ಗಿರಣಿ ಹಾಕಲು ಹೊರಟರೆ ಭೂಬಳಕೆ ಬದಲಾವಣೆಯ ಇನ್ನೊಂದು ಮೆಟ್ಟಿಲು ಹತ್ತಬೇಕಾಗುತ್ತದೆ.

ಈಗ ಆನ್‌ಲೈನ್ ಅರ್ಜಿಯೊಂದಿಗೆ ಅರ್ಜಿದಾರರೇ ಪ್ರಮಾಣಪತ್ರ ಸಲ್ಲಿಸುವ ಕ್ರಮ ಬಂದಿರುವುದರಿಂದ ಓಡಾಟ ಕಡಿಮೆಯಾಗಿದೆ. ಆದರೆ ಪ್ರಮಾಣಪತ್ರದಲ್ಲಿ ಬರೆದ ಪ್ರತಿ ಮಾತಿನ ಹೊಣೆಯೂ ಅರ್ಜಿದಾರರದೇ. ಕೆಲವು ಉದ್ದಿಮೆಗಳಿಗೆ ವಿನಾಯಿತಿ ಇದೆಯೆಂದು ಕೇಳಿಬಂದರೂ, ಅದು ತಮ್ಮ ರಿ.ಸ.ನಂಬರಿಗೆ ಅನ್ವಯಿಸುತ್ತದೆಂಬ ಬರಹ ಕೈಗೆ ಬರುವ ತನಕ ಪಾಯ ತೆಗೆಯಬಾರದು.

ಬ್ಯಾಂಕಿನವರು ಹಟ ಹಿಡಿಯುವುದಕ್ಕೂ ಕಾರಣವಿದೆ. ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದು. ಬಿನ್‌ಶೇತ್ಕಿ ಆಗದ ಜಮೀನು ಅವರ ದೃಷ್ಟಿಯಲ್ಲಿ ದುರ್ಬಲ ಭದ್ರತೆ.

3. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ

ಉದ್ದಿಮೆಗಳನ್ನು ಅವುಗಳ ಮಾಲಿನ್ಯ ಸೂಚ್ಯಂಕದಂತೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ಕೇಂದ್ರ ಮಂಡಳಿಯು 2016ರಲ್ಲಿ ವಿಂಗಡಿಸಿತು. 2025ರಲ್ಲಿ ಅದನ್ನು ಪರಿಷ್ಕರಿಸಿ ನೀಲಿ ವರ್ಗವನ್ನು ಸೇರಿಸಿತು. 2016ರ ಪಟ್ಟಿಯಲ್ಲಿ ಶೈತ್ಯಾಗಾರಗಳು ಹಾಗೂ 20 ಅಶ್ವಶಕ್ತಿಯವರೆಗಿನ ಮಸಾಲೆ ಪುಡಿ ಘಟಕಗಳು ಹಸಿರು ವರ್ಗದಲ್ಲಿದ್ದವು. ಹಳೆಯ ಸಮ್ಮತಿ ಪತ್ರ ಇರುವವರು ಪರಿಷ್ಕೃತ ಪಟ್ಟಿಯಲ್ಲಿ ತಮ್ಮ ವರ್ಗವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಮೋಟಾರಿನ ಶಕ್ತಿ ಹೆಚ್ಚಿಸಿದವರಂತೂ ಇದನ್ನು ಮರೆಯಬಾರದು.

2024ರ ನವೆಂಬರ್ 12ರ ಕೇಂದ್ರ ಅಧಿಸೂಚನೆಯು ಬಿಳಿ ವರ್ಗಕ್ಕೆ ಸಮ್ಮತಿಯಿಂದ ವಿನಾಯಿತಿ ನೀಡಿದೆ. ಆದರೂ ಮಂಡಳಿಗೆ ಮಾಹಿತಿ ಸಲ್ಲಿಸಿ ಸ್ವೀಕೃತಿ ಇಟ್ಟುಕೊಳ್ಳುವುದು ಕ್ಷೇಮ. ಉಳಿದ ವರ್ಗದವರಿಗೆ ಸ್ಥಾಪನಾ ಸಮ್ಮತಿ, ಚಾಲನಾ ಸಮ್ಮತಿ ಎರಡೂ ಬೇಕು.

4. ಸೆರೆವಾಸದ ಬದಲು ದಂಡ

2023ರ ಜನ ವಿಶ್ವಾಸ ಕಾಯ್ದೆಯಿಂದಾಗಿ, 2024ರ ಏಪ್ರಿಲ್ 1ರಿಂದ ಪರಿಸರ (ಸಂರಕ್ಷಣೆ) ಕಾಯ್ದೆಯ ಉಲ್ಲಂಘನೆಗಿದ್ದ ಐದು ವರ್ಷಗಳವರೆಗಿನ ಸೆರೆವಾಸ ಹೋಗಿ, 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಉಲ್ಲಂಘನೆ ಮುಂದುವರಿದರೆ ದಿನಕ್ಕೆ 10,000 ರೂಪಾಯಿ ಹೆಚ್ಚುವರಿ. ಅಂದರೆ 90 ದಿನಕ್ಕೆ 9 ಲಕ್ಷ. ವಿಧಿಸಿದ ದಂಡವನ್ನು ಕಟ್ಟದಿದ್ದರೆ ಸೆರೆವಾಸದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಜಲ ಕಾಯ್ದೆಗೂ 2024ರಲ್ಲಿ ಇಂಥದೇ ತಿದ್ದುಪಡಿಯಾಯಿತು. ಆದರೆ ಸಮ್ಮತಿಯಿಲ್ಲದೆ ಘಟಕ ನಡೆಸಿದರೆ ಆರು ವರ್ಷಗಳವರೆಗೆ ಸೆರೆವಾಸ ವಿಧಿಸುವ ಅವಕಾಶವನ್ನು ಆ ತಿದ್ದುಪಡಿ ತೆಗೆದಿಲ್ಲ. “ಈಗ ದಂಡ ಕಟ್ಟಿದರೆ ಮುಗಿಯಿತು” ಎಂಬ ಪೇಟೆಯ ಮಾತನ್ನು ನಂಬಬಾರದು.

5. ಲೆಕ್ಕಪತ್ರದಲ್ಲಿ

ಇಂಥ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಅದು ನೇರವಾಗಿ ಬಂಡವಾಳದಿಂದ ಹೋಗುವ ಹಣ. ಜಮೀನು ಮಾರುವವರಿಗೂ ಒಂದು ಮಾತು. ಗ್ರಾಮೀಣ ಕೃಷಿ ಜಮೀನಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಊರಿನ ಜನಸಂಖ್ಯೆ 10,000 ದಾಟಿ 1 ಲಕ್ಷದೊಳಗಿದ್ದರೆ ಪುರಸಭೆ, ನಗರಸಭೆಯ ಗಡಿಯಿಂದ 2 ಕಿ.ಮೀ.ವರೆಗೆ, 1 ಲಕ್ಷ ದಾಟಿ 10 ಲಕ್ಷದೊಳಗಿದ್ದರೆ 6 ಕಿ.ಮೀ.ವರೆಗೆ ಈ ರಿಯಾಯಿತಿ ಸಿಗದು. 2011ರ ಜನಗಣತಿಯಲ್ಲಿ ಹಾವೇರಿ, ಬ್ಯಾಡಗಿಗಳು 1 ಲಕ್ಷದೊಳಗಿದ್ದವು, ರಾಣೇಬೆನ್ನೂರು ದಾಟಿತ್ತು. ಬಿನ್‌ಶೇತ್ಕಿ ಮಾಡಿಸಿ ಮಾರಿದರೆ, ಜಮೀನು ಎಷ್ಟೇ ದೂರವಿದ್ದರೂ ತೆರಿಗೆಯ ಪ್ರಶ್ನೆ ಏಳುತ್ತದೆ.

6. ಅನುಸರಿಸಬೇಕಾದ ಕ್ರಮ

ಮೊದಲು ವಲಯ ಮತ್ತು ಮೂಲ ಮಂಜೂರಾತಿಯ ಪರಿಶೀಲನೆ, ಅನಂತರ ಖರೀದಿ, ಬಿನ್‌ಶೇತ್ಕಿ, ಸ್ಥಾಪನಾ ಸಮ್ಮತಿ, ಬ್ಯಾಂಕ್ ಸಾಲ, ಕಟ್ಟಡ, ಕೊನೆಗೆ ಚಾಲನಾ ಸಮ್ಮತಿ. ಯಂತ್ರದ ಮುಂಗಡವು ಸ್ಥಾಪನಾ ಸಮ್ಮತಿಯ ನಂತರವೇ ಇರಲಿ. ಮೇಲೆ ಹೇಳಿದ ವರ್ತಕರು ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದ ಒಂದು ಸುಗ್ಗಿಯನ್ನೇ ಕಳೆದುಕೊಂಡರು.

ಕಾಗದಪತ್ರಗಳಾಚೆಗೆ ನೆರೆಹೊರೆಯವರೂ ಇದ್ದಾರೆ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಗ್ರಾಮಸ್ಥರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ಉದ್ದಿಮೆಗೆ ಕೊಟ್ಟಿದ್ದ ಜಮೀನಿನ ನೀಲಗಿರಿ ಸಸಿಗಳನ್ನು ಕಿತ್ತರು. ಸರ್ಕಾರದ ಆದೇಶ ಆ ಉದ್ದಿಮೆಯ ಕೈಯಲ್ಲಿಯೇ ಇತ್ತು. ಊರಿನವರ ಒಪ್ಪಿಗೆ ಇರಲಿಲ್ಲ. ಖಾರದ ಘಾಟು ಪಕ್ಕದ ಮನೆಗೆ ಹೋಗದಂತೆ ಧೂಳು ಹಿಡಿಯುವ ಸಾಧನ ಹಾಕುವ ಖರ್ಚು ದಂಡಕ್ಕಿಂತ ಕಡಿಮೆ, ಮನಸ್ತಾಪಕ್ಕಿಂತಂತೂ ಬಹಳ ಕಡಿಮೆ. ಸದಸ್ಯರು ಈ ವೆಚ್ಚವನ್ನು ಯೋಜನಾ ವರದಿಯಲ್ಲಿ ಮೊದಲೇ ಸೇರಿಸಬೇಕೆಂದು ವಿನಂತಿ.