‘ನಮ್ಮ ತಂಡ’ ನಮ್ಮದಾಗುವುದು ಹೇಗೆ?

ಆಟದ ಬಯಲಿನಲ್ಲಿ ಹನ್ನೊಂದು ಮಂದಿ ಒಂದು ಕಡೆ, ಹನ್ನೊಂದು ಮಂದಿ ಇನ್ನೊಂದು ಕಡೆ. ಅವರಲ್ಲಿ ಒಬ್ಬನೂ ನಮ್ಮ ನೆಂಟನಲ್ಲ, ನಮ್ಮ ಊರಿನವನಲ್ಲ. ನಮ್ಮ ಹೆಸರು ಕೂಡ ಅವನಿಗೆ ಗೊತ್ತಿಲ್ಲ. ಆದರೂ ಅವನು ಗೋಲು ಹೊಡೆದರೆ ನಾವು ‘ಗೆದ್ದೆವು’ ಎನ್ನುತ್ತೇವೆ. ಸೋತರೆ ಆ ರಾತ್ರಿ ಊಟ ರುಚಿಸುವುದಿಲ್ಲ. ‘ಅವರು ಗೆದ್ದರು’ ಎನ್ನದೆ ‘ನಾವು ಗೆದ್ದೆವು’ ಎಂದು ಹೇಳಿಸುವ ಈ ನಂಟು ಎಲ್ಲಿಂದ ಹುಟ್ಟುತ್ತದೆ? ಒಬ್ಬೊಬ್ಬರು ಒಂದೊಂದು ತಂಡವನ್ನು ತಮ್ಮದೆಂದುಕೊಳ್ಳುವುದು ಹೇಗೆ? ಕಾಲ್ಚೆಂಡಾಟವನ್ನು ಮುಖ್ಯವಾಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ. ಗಡಿನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಇದು ಬರಿಯ ಆಟದ ಪ್ರಶ್ನೆಯಲ್ಲ.

ಎಲ್ಲಕ್ಕೂ ಮೊದಲಿನ ಕಾರಣ ಊರು ಮತ್ತು ಉದ್ಯೋಗ. ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ನಿಲ್ಲಬೇಕೆಂದು 1850ರಲ್ಲಿ ಕಾನೂನಾಯಿತು. ದುಡಿಯುವ ಜನಕ್ಕೆ ವಾರದಲ್ಲಿ ಅರ್ಧ ದಿನದ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಬೆಳೆದದ್ದು ಕಾಲ್ಚೆಂಡಾಟ. ಇಂದು ಜಗತ್ತಿನಲ್ಲೆಲ್ಲ ಹೆಸರಾಗಿರುವ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು 1878ರಲ್ಲಿ ಕಟ್ಟಿದವರು ನ್ಯೂಟನ್ ಹೀತ್ ಎಂಬಲ್ಲಿನ ರೈಲ್ವೆ ಕಾರ್ಖಾನೆಯ ಕೆಲಸಗಾರರು. ಆರ್ಸೆನಲ್ ಕ್ಲಬ್ಬು 1886ರಲ್ಲಿ ಲಂಡನ್ನಿನ ವೂಲಿಚ್‌ನಲ್ಲಿದ್ದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹುಟ್ಟಿತು. ಅದರ ಲಾಂಛನದಲ್ಲಿ ಈಗಲೂ ಫಿರಂಗಿ ಇದೆ. ವೆಸ್ಟ್ ಹ್ಯಾಮ್ ಕ್ಲಬ್ಬಿನ ಲಾಂಛನದಲ್ಲಿರುವ ಜೋಡಿ ಸುತ್ತಿಗೆಗಳು, 1895ರಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅದು ಹುಟ್ಟಿತೆಂಬುದರ ಗುರುತು. ಅಪ್ಪ ದುಡಿಯುವ ಕಾರ್ಖಾನೆಯ ತಂಡ ಮಗನಿಗೂ ತನ್ನದಾಯಿತು. ಮಗನನ್ನು ಯಾರೂ ‘ನಿನಗೆ ಯಾವ ತಂಡ ಬೇಕು?’ ಎಂದು ಕೇಳಲಿಲ್ಲ. ಮನೆಮಾತು ಬಂದ ಹಾಗೆಯೇ ತಂಡವೂ ಬಂತು.

ನಮ್ಮ ನೆರೆಯ ಬೆಂಗಳೂರಿನಲ್ಲೂ ಹೀಗೆಯೇ ಆಯಿತು. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಪಡೆದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅದೇ ಗೆದ್ದಿತು. ಮುಂದೆ ವಿಮಾನ ಕಾರ್ಖಾನೆಯಾದ ಎಚ್.ಎ.ಎಲ್., ದೂರವಾಣಿ ಕಾರ್ಖಾನೆಯಾದ ಐ.ಟಿ.ಐ. ತಮ್ಮ ತಮ್ಮ ತಂಡಗಳನ್ನು ಕಟ್ಟಿದವು. ಆಟಗಾರನಿಗೆ ನೌಕರಿ, ನೌಕರನಿಗೆ ಅಭಿಮಾನ ಪಡಲು ಒಂದು ತಂಡ. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡ ನಾಲ್ಕು ಬಾರಿ ಗೆದ್ದಿತು. ಕೊನೆಯ ಎರಡು ಗೆಲುವುಗಳು 1967-68 ಮತ್ತು 1968-69ರವು. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಎಷ್ಟೋ ಆಟಗಾರರು ಬಂದು ಹೋದರು, ಕಪ್ಪು ಮಾತ್ರ ಬರಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ 54 ವರ್ಷಗಳ ಕಾಯುವಿಕೆ ಮುಗಿಯಿತು.

ಎರಡನೆಯ ಕಾರಣ ಊರು ಬಿಟ್ಟು ಬಂದ ನೋವು. ಕಲ್ಕತ್ತೆಯ ಮೋಹನ್ ಬಗಾನ್ ಕ್ಲಬ್ಬು 1889ರದು. 1911ರಲ್ಲಿ ಅದು ಈಸ್ಟ್ ಯಾರ್ಕ್‌ಷೈರ್ ಎಂಬ ಬ್ರಿಟಿಷ್ ಪಡೆಯ ತಂಡವನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಾಗ ಇಡೀ ದೇಶವೇ ಹೆಮ್ಮೆಪಟ್ಟಿತು. ಪೂರ್ವ ಬಂಗಾಳದ ಮೂಲದವರು 1920ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಕಟ್ಟಿದರು. 1947ರಲ್ಲಿ ದೇಶ ಇಬ್ಭಾಗವಾದಾಗ ಲಕ್ಷಾಂತರ ಜನರು ಮನೆಮಠ ಬಿಟ್ಟು ಕಲ್ಕತ್ತೆಗೆ ಬಂದರು. ಅವರ ಊರು ಗಡಿಯ ಆಚೆ ಉಳಿಯಿತು. ಊರಿನ ಹೆಸರು ಮಾತ್ರ ಒಂದು ಕಾಲ್ಚೆಂಡು ತಂಡದ ರೂಪದಲ್ಲಿ ಈಚೆ ಇತ್ತು. ಅವರು ಅದನ್ನು ಬಿಗಿಯಾಗಿ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವೇನು? ಈಸ್ಟ್ ಬೆಂಗಾಲ್ ಗೆದ್ದ ದಿನ ಹಿಲ್ಸಾ ಮೀನಿನ ಅಡಿಗೆ, ಮೋಹನ್ ಬಗಾನ್ ಗೆದ್ದ ದಿನ ಸಿಗಡಿಯ ಅಡಿಗೆ ಎಂಬ ವಾಡಿಕೆ ಕಲ್ಕತ್ತೆಯಲ್ಲಿ ಬೆಳೆದು ಬಂತು. ಅಲ್ಲಿ ತಂಡವೆಂಬುದು ಅಡಿಗೆಮನೆಯವರೆಗೂ ಬಂದಿದೆ.

ಮೂರನೆಯದು ದೂರದಿಂದ ಬರುವ ಅಭಿಮಾನ. 1986ರ ವಿಶ್ವಕಪ್ ಪಂದ್ಯಗಳನ್ನು ದೂರದರ್ಶನದಲ್ಲಿ ಕಂಡ ಎಷ್ಟೋ ಭಾರತೀಯರು ಮರಡೋನಾನ ಆಟಕ್ಕೆ ಮನಸೋತು ಅರ್ಜೆಂಟೀನದ ಅಭಿಮಾನಿಗಳಾದರು. ಆ ದೇಶವನ್ನು ಭೂಪಟದಲ್ಲಿ ಹುಡುಕಿದ್ದು ಆಮೇಲೆ. ಒಬ್ಬ ಆಟಗಾರನ ಬೆನ್ನು ಹತ್ತಿ ಜನರು ತಂಡದವರೆಗೆ ಹೋಗುವುದುಂಟು. ಇದಕ್ಕೆ ನಮ್ಮ ಸಮೀಪದ ಉದಾಹರಣೆ ಕ್ರಿಕೆಟ್ಟಿನದು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ನಟರಾಜನ್ 2020ರಲ್ಲಿ ಹೈದರಾಬಾದ್ ತಂಡಕ್ಕೆ ಬೌಲ್ ಮಾಡಿ ಹೆಸರು ಪಡೆದರು. ಅದೇ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಒಂದೇ ಪ್ರವಾಸದಲ್ಲಿ ಮೂರು ಬಗೆಯ ಪಂದ್ಯಗಳಲ್ಲೂ ಭಾರತಕ್ಕೆ ಆಡಿದರು. 2021ರ ಜನವರಿಯಲ್ಲಿ ಊರಿಗೆ ಮರಳಿದಾಗ ಜನರು ಅವರನ್ನು ಕುದುರೆಯ ರಥದಲ್ಲಿ ಕೂರಿಸಿ ಮೆರವಣಿಗೆ ಮಾಡಿದರು. ನಮ್ಮ ಹುಡುಗ ಎಲ್ಲಿ ಆಡುತ್ತಾನೋ ಅದು ನಮ್ಮ ತಂಡ ಎಂಬುದು ಜನರ ಸರಳ ಲೆಕ್ಕ.

ನಾಲ್ಕನೆಯ ಕಾರಣ ಸಂಗಡಿಗರು. ಇದನ್ನು ತಿಳಿಯಲು ಹೊಸ ಕ್ಲಬ್ಬೊಂದನ್ನು ನೋಡಬೇಕು. ಏಕೆಂದರೆ ಹೊಸ ಕ್ಲಬ್ಬಿಗೆ ಅಜ್ಜನ ಕಾಲದ ಅಭಿಮಾನಿಗಳಿರುವುದಿಲ್ಲ. ಬೆಂಗಳೂರು ಎಫ್.ಸಿ. 2013ರಲ್ಲಿ ಹುಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆರಂಭದಿಂದಲೇ ಕೆಲವು ನೂರು ಯುವಕರು ಮೈದಾನದ ಪಡುವಣ ಬದಿಯಲ್ಲಿ ಒಟ್ಟಾಗಿ ನಿಂತು ಹಾಡಿ, ಕುಣಿದು, ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಮೊದಲ ಸಲ ಗೆಳೆಯನ ಜೊತೆಗೆ ಹೋದವನು ಎರಡನೆಯ ಸಲ ತಮ್ಮನನ್ನು ಕರೆದುಕೊಂಡು ಹೋಗುತ್ತಾನೆ. ಸಾವಿರಾರು ಜನ ಒಂದೇ ಕ್ಷಣದಲ್ಲಿ ಏಳುವಾಗ ಕುಳಿತಿರುವುದು ಕಷ್ಟ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈಹಚ್ಚಿದವನಿಗೆ ತೇರು ತನ್ನದೆನಿಸುವುದಿಲ್ಲವೇ? ಹಾಗೆಯೇ ಇದು.

ಗೆಲುವಿಗಿಂತ ಸೋಲು ಅಭಿಮಾನಿಯನ್ನು ಗಟ್ಟಿ ಮಾಡುತ್ತದೆ ಎಂಬುದು ಇನ್ನೊಂದು ವಿಚಿತ್ರ. 2016ರ ನವೆಂಬರ್ 5ರಂದು ಬೆಂಗಳೂರು ತಂಡ ದೋಹಾ ನಗರದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ಆಡಿತು. ಅಲ್ಲಿಯವರೆಗೆ ಯಾವ ಭಾರತೀಯ ಕ್ಲಬ್ಬೂ ಮುಟ್ಟದ ಎತ್ತರ ಅದು. ಇರಾಕಿನ ವಾಯುಪಡೆಯ ತಂಡಕ್ಕೆ 0-1ರಿಂದ ಸೋತಿತು. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ನಡೆಯಿತು. ಎದುರಾಳಿ ಚೆನ್ನೈಯಿನ್ ಎಫ್.ಸಿ. ನಾಯಕ ಸುನಿಲ್ ಛೆಟ್ರಿ ಒಂಬತ್ತನೆಯ ನಿಮಿಷದಲ್ಲೇ ಗೋಲು ಹೊಡೆದರೂ ಕೊನೆಗೆ ಚೆನ್ನೈ 3-2ರಿಂದ ಗೆದ್ದಿತು. ತಂಡವನ್ನು ಬಿಟ್ಟು ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಬಿಡದೆ ಉಳಿದವರಿಗೆ ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡವನ್ನು 1-0ರಿಂದ ಸೋಲಿಸಿದ ಸಂತೋಷ ಸಿಕ್ಕಿತು. ಸೋತ ದಿನ ಜೊತೆಗಿದ್ದವನಿಗೇ ಗೆದ್ದ ದಿನದ ಸವಿ ಹೆಚ್ಚು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಹಳೆಯ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾಯಿತು. ಅದರಿಂದ 2004ರಲ್ಲಿ ಹೊಸೂರು, ಡೆಂಕಣಿಕೋಟೆಗಳನ್ನು ಒಳಗೊಂಡ ಕೃಷ್ಣಗಿರಿ ಜಿಲ್ಲೆಯಾಯಿತು. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ತೆಲುಗು. ಸೇಲಂ ನಗರದಲ್ಲಿ ಮಗ್ಗ ನಡೆಸುವ ದೇವಾಂಗರ ಮನೆಗಳಲ್ಲಿ ಕನ್ನಡ ಕೇಳುತ್ತದೆ. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಚೆನ್ನೈಗೆ ಸುಮಾರು 300. ಆದರೆ ನಮ್ಮ ರೇಷನ್ ಕಾರ್ಡು, ಪರೀಕ್ಷೆ, ಸರ್ಕಾರಿ ಕಛೇರಿಗಳ ದಾರಿ ಚೆನ್ನೈಯ ಕಡೆಗೆ. ಕೃಷ್ಣಗಿರಿಯ ಕೂಡುರಸ್ತೆಯಲ್ಲಿ ನಿಂತರೆ ಬೆಂಗಳೂರು, ಚೆನ್ನೈ, ಸೇಲಂ ಮೂರು ಕಡೆಗೂ ದಾರಿ ಕಾಣುತ್ತದೆ. ಅಭಿಮಾನವೂ ಈ ಮೂರು ದಾರಿಗಳಲ್ಲೂ ಬರುತ್ತದೆ. ಬೆಂಗಳೂರು ಎಫ್.ಸಿ.ಯನ್ನು ಕಟ್ಟಿದ ಜೆ.ಎಸ್.ಡಬ್ಲ್ಯು. ಸಮೂಹದ ಉಕ್ಕಿನ ಕಾರ್ಖಾನೆಯೊಂದು ಸೇಲಂ ಜಿಲ್ಲೆಯ ಮೇಚೇರಿ ಬಳಿಯ ಪೊಟ್ಟನೇರಿಯಲ್ಲಿದೆ. ಬೆಂಗಳೂರಿನ ತಂಡಕ್ಕೂ ಚೆನ್ನೈಯ ತಂಡಕ್ಕೂ ಬಣ್ಣ ನೀಲಿಯೇ! ಇಲ್ಲಿನ ಹುಡುಗನೊಬ್ಬ ಬೆಂಗಳೂರಿಗೆ ಕೂಗಿದರೂ ಸಹಜ, ಚೆನ್ನೈಗೆ ಕೂಗಿದರೂ ಸಹಜ. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ ಇದ್ದರೂ ಸಹಜವೇ.

ಆದರೆ ಗಡಿನಾಡಿನ ಮಗುವಿಗೆ ಈ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುವವರೂ ಇದ್ದಾರೆ. ‘ನೀನು ಯಾರ ಕಡೆ?’ ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಆಟವಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಸಲುವಾಗಿ ಗಲಭೆಯಾಗಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. ಹೊಸೂರು ಗಡಿಯಲ್ಲಿ ಬಸ್ಸುಗಳು ನಿಂತುಹೋದವು. 2018ರ ಏಪ್ರಿಲಿನಲ್ಲಿ ಅದೇ ಕಾವೇರಿಯ ಹೆಸರಿನಲ್ಲಿ ಚೆನ್ನೈಯ ಕ್ರಿಕೆಟ್ ಮೈದಾನಕ್ಕೆ ಪಾದರಕ್ಷೆಗಳು ಬಿದ್ದು, ಪಂದ್ಯಗಳು ಪುಣೆಗೆ ಹೋದವು. ಇಂತಹ ದಿನಗಳಲ್ಲಿ ಎರಡು ನುಡಿಗಳ ನಡುವೆ ಬದುಕುವವರಿಗೆ ಬಾಯಿ ತೆರೆಯುವುದೇ ಕಷ್ಟ. ಬಸ್ಸಿನಲ್ಲಿ ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ತಾಯಿ ಮಗುವಿಗೆ ಹೇಳಿಕೊಡಬೇಕಾಗುತ್ತದೆ.

ಆ 2018ರ ಅಂತಿಮ ಪಂದ್ಯವನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೆನೆಯಬೇಕು. ಫೆಬ್ರವರಿ 16ರಂದು ಕಾವೇರಿ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. ಅದಾಗಿ ಒಂದು ತಿಂಗಳಿಗೆ ಬೆಂಗಳೂರು ಮತ್ತು ಚೆನ್ನೈ ತಂಡಗಳು ಬೆಂಗಳೂರಿನಲ್ಲೇ ಎದುರುಬದುರಾದವು. ಆತಿಥ್ಯ ಮಾಡಿದವರು ಸೋತರು, ಬಂದವರು ಕಪ್ಪನ್ನು ಒಯ್ದರು. ಆಟ ಆಟವಾಗಿಯೇ ಮುಗಿಯಿತು.

ಯಾವಾಗಲೂ ಹೀಗಾಗುವುದಿಲ್ಲ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಆಡುತ್ತಿದ್ದಾಗ ಪ್ರೇಕ್ಷಕರಲ್ಲಿ ಜಗಳ ಹತ್ತಿ, ನೂಕುನುಗ್ಗಲಾಗಿ 16 ಜನ ಸತ್ತರು. ಅವರು ಮನೆಯಿಂದ ಹೊರಟದ್ದು ಆಟ ನೋಡಲು. ತಂಡದ ಮೇಲಿನ ಪ್ರೀತಿ ಎದುರಿನವನ ಮೇಲಿನ ದ್ವೇಷವಾದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ತಂಡವೆಂದರೆ ಭಾಷೆಯ ಸೇನೆಯಲ್ಲ ಎಂಬುದನ್ನು ತಂಡಗಳ ಇತಿಹಾಸವೇ ಹೇಳುತ್ತದೆ. ಬೆಂಗಳೂರಿನ ಕಾಲ್ಚೆಂಡಾಟ ಬೆಳೆದದ್ದು ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಬೀದಿಗಳಲ್ಲಿ. ತಮಿಳು, ಉರ್ದು, ಕನ್ನಡ ಎಲ್ಲವನ್ನೂ ಆಡುವ ಮನೆಗಳ ನಡುವೆ. ಗೌತಮಪುರದವರು ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಗೋಲು ಹೊಡೆದವರು ಸಾರಂಗಪಾಣಿ ರಾಮನ್. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಬೆಂಗಳೂರಿನ ಅಹಮದ್ ಖಾನ್ ಈಸ್ಟ್ ಬೆಂಗಾಲಿಗೆ ಹೋಗಿ, ಅಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಮುನ್ನುಗ್ಗುವ ಆಟಗಾರರಲ್ಲಿ ಒಬ್ಬರಾದರು. ಊರು ಕಳೆದುಕೊಂಡ ಬಂಗಾಳಿಗಳು ‘ನಮ್ಮವನು’ ಎಂದು ಎದೆಗೊತ್ತಿಕೊಂಡದ್ದು ಬೆಂಗಳೂರಿನ ಒಬ್ಬ ಹುಡುಗನನ್ನು!

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಯಾರಾದರೂ ‘ನಿನ್ನ ತಂಡ ಯಾವುದು?’ ಎಂದು ಕೇಳಿದರೆ ಅಂಜದೆ ಹೇಳಿರಿ. ಅದನ್ನು ನಿಮಗೆ ಅಪ್ಪ ಕೊಟ್ಟಿರಬಹುದು, ಗೆಳತಿ ಕೊಟ್ಟಿರಬಹುದು, ಊರಿನ ಮುಂದೆ ಹಾಯುವ ರಸ್ತೆ ಕೊಟ್ಟಿರಬಹುದು. ಬೆಂಗಳೂರಿಗೆ ಕೂಗಿದ್ದರಿಂದ ತಮಿಳುನಾಡಿನ ಋಣ ಮರೆತಂತಾಗುವುದಿಲ್ಲ. ಚೆನ್ನೈಗೆ ಕೂಗಿದ್ದರಿಂದ ಮನೆಯ ಕನ್ನಡ ಕಡಿಮೆಯಾಗುವುದಿಲ್ಲ. ನಿಮ್ಮ ಎದುರಿನವನಿಗೂ ಅವನ ತಂಡ ಇದೇ ರೀತಿ ಬಂದಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅವನು ನಿಮ್ಮ ಓಣಿಯಲ್ಲಿ ಹುಟ್ಟಿದ್ದರೆ ನಿಮ್ಮ ತಂಡಕ್ಕೇ ಕೂಗುತ್ತಿದ್ದ.

ಪೋಷಕರಲ್ಲಿಯೂ ಒಂದು ಬಿನ್ನಹ. ಮಕ್ಕಳು ಆಟ ನೋಡುವಾಗ ನೀವೂ ಸ್ವಲ್ಪ ಹೊತ್ತು ಜೊತೆಗೆ ಕೂರಿರಿ. ಎದುರಿನ ತಂಡ ಚೆನ್ನಾಗಿ ಆಡಿದಾಗ ನೀವು ‘ಭೇಷ್’ ಎಂದರೆ ಮಕ್ಕಳೂ ಕಲಿಯುತ್ತಾರೆ. ಬೈದರೆ ಅದನ್ನೂ ಕಲಿಯುತ್ತಾರೆ. ಹಾಗೆಯೇ, ದೂರದ ತಂಡಗಳ ಜೊತೆಗೆ ಹತ್ತಿರದ ತಂಡವೊಂದನ್ನೂ ನೆನಪಿಡಿರಿ. ಶಾಲೆಯ ಹುಡುಗರೋ ಹುಡುಗಿಯರೋ ಪಕ್ಕದ ಊರಿನ ಮೈದಾನಕ್ಕೆ ಆಡಲು ಹೋದಾಗ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಲು ನಾಲ್ಕು ಜನ ಬೇಕು. ಆ ತಂಡಕ್ಕೆ ನಿಮ್ಮ ಹೆಸರು ಗೊತ್ತಿರುತ್ತದೆ.