ಗುರುಮನೆಯಲ್ಲಿ ಬೆಳೆದ ಕ್ರೈಸ್ತ ಕಲೆ

ಕ್ರೈಸ್ತ ಕವಿ, ಗಾಯಕ ಅಥವಾ ಚಿತ್ರಕಾರನನ್ನು ತಿದ್ದಿ ಬೆಳೆಸುವ ಕೆಲಸದಲ್ಲಿ ನಂಬಿಕೆ, ಬಾಳುವ ರೀತಿ, ಕಲೆಯ ಕಸುಬು ಎಂಬ ಮೂರು ಎಳೆಗಳಿರುತ್ತವೆ. ನಂಬಿಕೆಯನ್ನು ಚರ್ಚು ಬೋಧಿಸಬಹುದು, ಕಸುಬನ್ನು ಶಾಲೆ ಕಲಿಸಬಹುದು. ಬಾಳುವ ರೀತಿ ಮಾತ್ರ ಒಂದೇ ಸೂರಿನಡಿ ಉಂಡು, ಮಲಗಿ, ಜಗಳವಾಡಿಯೇ ಬರಬೇಕು. ಮಹಾರಾಷ್ಟ್ರದ ನಾಸಿಕ್, ಈಗ ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿರುವ ಔರಂಗಾಬಾದ್, ಇವೆರಡಕ್ಕೂ ನೆರೆಯ, ಈಗ ಅಹಿಲ್ಯಾನಗರವಾಗಿರುವ ಅಹಮದ್‌ನಗರ – ಈ ಸೀಮೆಯಲ್ಲಿ ಮೂರೂ ಎಳೆಗಳನ್ನು ಸೇರಿಸಿ ನೇಯುವ ಪ್ರಯತ್ನ ಒಂದೂವರೆ ಶತಮಾನಕ್ಕೂ ಹಿಂದೆಯೇ ಶುರುವಾಯಿತು.

ನಾಸಿಕ್‌ನ ಶರಣಪುರದಿಂದ ಕಥೆ ಆರಂಭವಾಗುತ್ತದೆ. ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ 1850ರ ದಶಕದಲ್ಲಿ ಅಲ್ಲಿ ಒಂದು ಕ್ರೈಸ್ತ ಗ್ರಾಮವನ್ನು ನೆಲೆಗೊಳಿಸಿದರು. ಮತಾಂತರಗೊಂಡು ಮನೆಯಿಂದ ಹೊರಬಿದ್ದವರು, ಅನಾಥ ಮಕ್ಕಳು, ಅರಬ್ಬಿ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬಿಡುಗಡೆಯಾದ ಆಫ್ರಿಕಾದ ಹುಡುಗರು ಅಲ್ಲಿ ಆಶ್ರಯ ಪಡೆದರು. ಓದುಬರಹ, ಪ್ರಾರ್ಥನೆಗಳ ಜೊತೆಗೆ ಬಡಗಿತನ, ಕಮ್ಮಾರಿಕೆಯಂಥ ಕೈಕೆಲಸಗಳನ್ನೂ ಕಲಿಸಲಾಗುತ್ತಿತ್ತು. ಆಫ್ರಿಕಾದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ 1866ರ ಯಾತ್ರೆಗೆ ಇಲ್ಲಿನ ಕೆಲವು ಹುಡುಗರನ್ನು ಕರೆದುಕೊಂಡು ಹೋದ. 1873ರಲ್ಲಿ ಆತ ತೀರಿಕೊಂಡಾಗ ಮರದ ಮೇಲೆ ಆತನ ಹೆಸರು ಕೆತ್ತಿದ ಜೇಕಬ್ ವೇನ್‌ರೈಟ್ ಕೂಡ ನಾಸಿಕ್‌ನಲ್ಲಿ ಓದಿದವನೇ. ಆದರೆ ಶರಣಪುರ ತಯಾರಿಸಿದ್ದು ಕಸುಬುದಾರರನ್ನು. ಅಲ್ಲಿನ ಪ್ರಾರ್ಥನೆ, ಶಿಸ್ತುಗಳ ಮಾದರಿ ಇಂಗ್ಲೆಂಡಿನಿಂದ ಬಂದಿತ್ತು. ನೆಲದ ಹಾಡಿಗೆ, ನೆಲದ ಕತೆಗೆ ಅಲ್ಲಿ ಜಾಗ ಕಡಿಮೆ.

ಆ ಕೊರತೆಯನ್ನು ತುಂಬಿದವರು ನಾರಾಯಣ ವಾಮನ ತಿಲಕ್. 1861ರಲ್ಲಿ ಕೊಂಕಣದ ಚಿತ್ಪಾವನ ಮನೆತನದಲ್ಲಿ ಹುಟ್ಟಿದ ಈ ಕವಿ, ತಾಯಿ ತೀರಿಕೊಂಡ ಮೇಲೆ ಮನೆ ಬಿಟ್ಟು ನಾಸಿಕ್ ಸೇರಿ, ಸಂಸ್ಕೃತ ಮತ್ತು ಇಂಗ್ಲಿಷ್ ಓದಿದರು. ರೈಲಿನಲ್ಲಿ ಒಬ್ಬ ಯುರೋಪಿಯನ್ ಕೊಟ್ಟ ಹೊಸ ಒಡಂಬಡಿಕೆಯನ್ನು ಓದಿ ಮನಸೋತು, 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಬಳಿಕ ಅಮೆರಿಕನ್ ಮಿಷನ್ನಿನ ಅಹಮದ್‌ನಗರ ಅವರ ಕರ್ಮಭೂಮಿಯಾಯಿತು. ಮರಾಠಿ ಸಂತಕವಿ ತುಕಾರಾಮನ ಸೇತುವೆ ದಾಟಿಯೇ ತಾನು ಕ್ರಿಸ್ತನ ಬಳಿಗೆ ಬಂದೆ ಎಂಬುದು ಅವರ ನಿಲುವಾಗಿತ್ತು. ದಾಸರ ಪದಗಳ ಕಿವಿಯಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಅನ್ಯದೇಶದ ರಾಗಕ್ಕೆ ಹೊಂದಿಸಿದ ಸ್ತೋತ್ರ ಹಾಡುತ್ತಿದ್ದ ಸಭೆಗೆ ತಿಲಕ್ ಅಭಂಗ, ಭಜನೆ, ಕೀರ್ತನೆ ಕೊಟ್ಟರು. ಹರಿಕಥೆಯ ಧಾಟಿಯಲ್ಲಿ ಯೇಸುವಿನ ಕತೆ ಹೇಳುವ ಕ್ರೈಸ್ತ ಕೀರ್ತನೆ ಅಹಮದ್‌ನಗರದಲ್ಲಿ ಅವರಿಗಿಂತ ಮುಂಚೆ ಕೃಷ್ಣರಾವ್ ಸಾಂಗಳೆಯವರ ಬಾಯಲ್ಲಿ ಬೆಳೆದಿತ್ತು. ತಿಲಕರು ಅದಕ್ಕೆ ಕಾವ್ಯದ ಬಲ ತುಂಬಿದರು. ಮರಾಠಿ ಪ್ರಾರ್ಥನಾಗೀತೆಗಳ ಸಂಗ್ರಹ ‘ಉಪಾಸನಾ ಸಂಗೀತ’ದಲ್ಲಿ ಅವರ ಹಾಡುಗಳದೇ ದೊಡ್ಡ ಪಾಲು. ಕನ್ನಡದಲ್ಲಿ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ ಬರೆದು ಯೇಸುವಿನ ಬದುಕನ್ನು ದೇಶೀ ಛಂದಸ್ಸಿಗೆ ತಂದಿದ್ದರು. ಆದರೆ ಕಿಟ್ಟೆಲ್ ಹೊರಗಿನಿಂದ ಬಂದು ಕಲಿತವರು. ತಿಲಕರಿಗೆ ಆ ಲಯ ಎದೆಹಾಲಿನ ಜೊತೆಗೇ ಬಂದದ್ದು.

ತಿಲಕರ ಮೊದಲ ಶಿಷ್ಯೆ ಅವರ ಹೆಂಡತಿಯೇ. ನಾಸಿಕ್ ಬಳಿಯ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿಯ ತವರಿನಲ್ಲಿ ಮಡಿಯ ಆರ್ಭಟ ವಿಪರೀತ. ಅಂಗಡಿಯ ದಿನಸಿಯನ್ನೂ ತೊಳೆಯದೆ ಒಳಗೆ ತರುವಂತಿರಲಿಲ್ಲ. ಬಾಲ್ಯದಲ್ಲೇ ಮದುವೆಯಾದ ಆಕೆಗೆ ಅಕ್ಷರ ಕಲಿಸಿದವರು ಗಂಡ. ಗಂಡ ಕ್ರೈಸ್ತನಾದಾಗ ಆಕೆ ವರ್ಷಗಟ್ಟಲೆ ದೂರ ಉಳಿದರು. ಮತ್ತೆ ಜೊತೆಗೂಡಿದ ಮೇಲೂ ತನ್ನ ನೀರು, ತನ್ನ ಅಡುಗೆ ಬೇರೆಯೇ ಎಂದು ಹಟ ಹಿಡಿದರು. ತಿಲಕ್ ಬಲವಂತ ಮಾಡಲಿಲ್ಲ. ಕೊನೆಗೆ ಜಾತಿಯ ಗೋಡೆ ಮನುಷ್ಯ ಕಟ್ಟಿದ್ದು ಎಂದು ಸ್ವತಃ ಮನಗಂಡು ಆಕೆ ಆ ಕಟ್ಟಳೆ ಕಳಚಿದರು, 1900ರಲ್ಲಿ ದೀಕ್ಷಾಸ್ನಾನವಾಯಿತು. ಇಲ್ಲಿ ಬಾಳುವ ರೀತಿ ಮೊದಲು ಬದಲಾಯಿತು, ನಂಬಿಕೆ ಹಿಂದೆ ಬಂತು, ಕಲೆ ಇನ್ನೂ ತಡವಾಗಿ ಹಣ್ಣಾಯಿತು. ತಿಲಕ್ ಅರ್ಧಕ್ಕೆ ಬಿಟ್ಟುಹೋದ ‘ಖ್ರಿಸ್ತಾಯನ’ ಮಹಾಕಾವ್ಯದ ಬಹುಭಾಗವನ್ನು ಬರೆದವರು ಆಕೆ. 1930ರ ದಶಕದಲ್ಲಿ ಬಂದ ಆಕೆಯ ಆತ್ಮಕಥೆ ‘ಸ್ಮೃತಿಚಿತ್ರೆ’ ಮರಾಠಿ ಗದ್ಯದ ಶ್ರೇಷ್ಠ ಕೃತಿಗಳಲ್ಲಿ ಒಂದು. ಗಂಡನನ್ನು ಗೇಲಿ ಮಾಡುವ ಅದರ ಧೈರ್ಯ ನೋಡಿದರೆ ಶಿಷ್ಯೆ ಗುರುವನ್ನು ಮೀರಿದಳು ಎಂದೇ ಹೇಳಬೇಕಾಗುತ್ತದೆ.

ಅದೇ ಮನೆಯಲ್ಲಿ ಬೆಳೆದ ಇನ್ನೊಬ್ಬ ಶಿಷ್ಯ ಕ್ರೈಸ್ತನಾಗಲೇ ಇಲ್ಲ. ಖಾನದೇಶದ ತ್ರ್ಯಂಬಕ ಬಾಪೂಜಿ ಠೋಂಬರೆ 1907ರಲ್ಲಿ ಜಳಗಾಂವ್‌ನ ಕವಿ ಸಮ್ಮೇಳನದಲ್ಲಿ ಹದಿಹರೆಯದಲ್ಲೇ ಮೆಚ್ಚುಗೆ ಗಳಿಸಿ ‘ಬಾಲಕವಿ’ ಎನಿಸಿಕೊಂಡ. ತಿಲಕ್ ಆತನನ್ನು ಅಹಮದ್‌ನಗರಕ್ಕೆ ಕರೆತಂದು ಇಟ್ಟುಕೊಂಡರು. ಲಕ್ಷ್ಮೀಬಾಯಿ ಮಗನಂತೆ ನೋಡಿಕೊಂಡರು. ಹುಡುಗ ತನ್ನ ಧರ್ಮದಲ್ಲೇ ಉಳಿದ, ಮನೆಯಲ್ಲಿ ಆತನ ಎಲೆ ಮಾತ್ರ ತಪ್ಪಲಿಲ್ಲ. 1918ರಲ್ಲಿ ರೈಲಿಗೆ ಸಿಕ್ಕಿ ಸತ್ತಾಗ ಆತನಿಗೆ ಇಪ್ಪತ್ತೇಳು ವರ್ಷ. ಮಿಷನ್ನಿನ ವರದಿಗಳಲ್ಲಿ ಇಂಥ ಶಿಷ್ಯತ್ವವನ್ನು ಯಾವ ಲೆಕ್ಕಕ್ಕೆ ಬರೆಯುವುದು? ಮರಾಠಿ ನಿಸರ್ಗಕಾವ್ಯಕ್ಕೆ ಮಾತ್ರ ಅದರ ಫಲ ಸಿಕ್ಕಿತು.

ಸಂಬಳದ ಪ್ರಚಾರಕನಾಗಿ ಉಳಿದರೆ ಹಾಡಿನ ನಾಲಿಗೆ ಕಟ್ಟಿಹಾಕಿದಂತೆ ಎಂದು ತಿಲಕರಿಗೆ ಕೊನೆಗೆ ಅನಿಸಿತು. 1917ರಲ್ಲಿ ಮಿಷನ್ನಿನ ಕೆಲಸ ಬಿಟ್ಟು, ಸಂನ್ಯಾಸಿಯಂತೆ ಬದುಕುತ್ತ ಸಾತಾರದಲ್ಲಿ ‘ದೇವಾಚಾ ದರ್ಬಾರ್’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನವಾದವರಿಗೂ ಆಗದವರಿಗೂ ಅದರಲ್ಲಿ ಸ್ಥಾನವಿತ್ತು. 1919ರಲ್ಲಿ ತಿಲಕ್ ತೀರಿಕೊಂಡರು. ದರ್ಬಾರ್ ಹೆಚ್ಚು ಕಾಲ ಬಾಳಲಿಲ್ಲ. ಒಬ್ಬನೇ ಗುರುವಿನ ತೇಜಸ್ಸಿನ ಮೇಲೆ ನಿಂತ ಮನೆಗಳಿಗೆ ಈ ದುರ್ಬಲತೆ ಹುಟ್ಟಿನಿಂದಲೇ ಇರುತ್ತದೆ. ಆದರೆ ಅಹಮದ್‌ನಗರದಲ್ಲಿದ್ದ ಆಂಗ್ಲಿಕನ್ ಪಾದ್ರಿ ಜ್ಯಾಕ್ ವಿನ್ಸ್ಲೋ ತಿಲಕರ ಆಲೋಚನೆಯನ್ನು ಎತ್ತಿಕೊಂಡರು. ಅವರು 1922ರಲ್ಲಿ ಆರಂಭಿಸಿದ ಕ್ರಿಸ್ತ ಸೇವಾ ಸಂಘ ಮುಂದೆ ಪುಣೆಯಲ್ಲಿ ಕ್ರಿಸ್ತ ಪ್ರೇಮ ಸೇವಾ ಆಶ್ರಮವಾಯಿತು. ಅಲ್ಲಿ ಬಿಳಿಯರೂ ಭಾರತೀಯರೂ ಖಾದಿ ಉಟ್ಟು, ನೆಲದ ಮೇಲೆ ಕೂತು, ಒಟ್ಟಿಗೆ ಉಣ್ಣುತ್ತಿದ್ದರು. ತಿಲಕರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರೂ ವಿನ್ಸ್ಲೋ ಅವರೇ.

ಚಿತ್ರಕಲೆಯ ಎಳೆ ಈ ಆಶ್ರಮಕ್ಕೆ ಸುತ್ತುಬಳಸಿ ಬಂತು, ಅದರ ಮೂಲ ಸಂಭಾಜಿನಗರ ಜಿಲ್ಲೆಯ ಅಜಂತಾದಲ್ಲಿದೆ. 1909ರಿಂದ 1911ರವರೆಗೆ ಇಂಗ್ಲಿಷ್ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅಜಂತಾದ ಭಿತ್ತಿಚಿತ್ರಗಳ ಪ್ರತಿ ಮಾಡಿಸಿದಾಗ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದ ಕಲಿಯುವ ಹುಡುಗರು ಅಲ್ಲಿ ಬಿಡಾರ ಹೂಡಿದ್ದರು, ಮೈಸೂರಿನ ಕೆ. ವೆಂಕಟಪ್ಪನವರೂ ಆ ತಂಡದಲ್ಲಿದ್ದರು. ಬೌದ್ಧ ಗುಹೆಯಲ್ಲಿ ಕಂಡ ರೇಖೆಯನ್ನು ನಂದಲಾಲ್ ಶಾಂತಿನಿಕೇತನಕ್ಕೆ ಒಯ್ದರು. ಅವನೀಂದ್ರನಾಥ ಟಾಗೋರ್ ಮತ್ತು ನಂದಲಾಲರ ಬಳಿ ಕಲಿತ ಗೋವೆಯ ಕ್ಯಾಥೊಲಿಕ್ ಯುವಕ ಆಂಜೆಲೊ ಡ ಫೊನ್ಸೆಕ, ಊರಿಗೆ ಮರಳಿ ಸೀರೆಯುಟ್ಟ ಮರಿಯಮ್ಮನನ್ನು ಬಿಡಿಸಿದರು. ಪೋರ್ಚುಗೀಸ್ ಗೋವೆ ಅದನ್ನು ಸಹಿಸಲಿಲ್ಲ. ಫೊನ್ಸೆಕ ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮಕ್ಕೆ ಬಂದು ನೆಲೆಸಿ, ತಮ್ಮ ಮುಖ್ಯ ಚಿತ್ರಗಳಲ್ಲಿ ಬಹಳಷ್ಟನ್ನು ಅಲ್ಲಿಯೇ ರಚಿಸಿದರು. ಸ್ವಂತ ಚರ್ಚು ಬಾಗಿಲು ಮುಚ್ಚಿದಾಗ ಬೇರೆ ಪಂಗಡದ ಆಶ್ರಮ ಊಟ ಹಾಕಿತು, ಕೂತು ಬರೆಯಲು ಕೋಣೆ ಕೊಟ್ಟಿತು. ಕಲಾವಿದನಿಗೆ ಬೋಧನೆಗಿಂತ ಇದೇ ಮೊದಲು ಬೇಕು. 1967ರಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳ ದೊಡ್ಡ ಸಂಗ್ರಹ ಇಂದು ಗೋವೆಯ ಝೇವಿಯರ್ ಇತಿಹಾಸ ಸಂಶೋಧನ ಕೇಂದ್ರದಲ್ಲಿದೆ.

ಈ ಬಗೆಯ ಗುರುಮನೆ ಕರ್ನಾಟಕದಲ್ಲೂ ಹುಟ್ಟಿತು. 1944ರಲ್ಲಿ ಪುಣೆಯಲ್ಲಿ ಜನಿಸಿ ಲಂಡನ್ನಿನಲ್ಲಿ ಕಲೆ ಕಲಿತ ಜ್ಯೋತಿ ಸಾಹಿ, ಕೇರಳದ ಕುರಿಸುಮಲ ಆಶ್ರಮದಲ್ಲಿ ಬೆನೆಡಿಕ್ಟೈನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ ಅವರ ಒಡನಾಟದಲ್ಲಿದ್ದು, ಬಳಿಕ ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದರು. ಅಲ್ಲಿ ಅವರು ಕಟ್ಟಿದ ಕಲಾ ಆಶ್ರಮಕ್ಕೆ ಯುವ ಚಿತ್ರಕಾರರು ಬಂದು ತಂಗಿ, ಚರ್ಚುಗಳಿಗೆ ಬೇಕಾದ ಚಿತ್ರ ಮತ್ತು ವಿನ್ಯಾಸಗಳ ಕೆಲಸ ಮಾಡುತ್ತ ಕಲಿತರು. ಅದೇ ಹಳ್ಳಿಯಲ್ಲಿ ಅವರ ಪತ್ನಿ ಜೇನ್ ಸಾಹಿ 1975ರಲ್ಲಿ ಆರಂಭಿಸಿದ ಸೀತಾ ಶಾಲೆಯಲ್ಲಿ ಸುತ್ತಲಿನ ಹಳ್ಳಿ ಮಕ್ಕಳಿಗೆ ಚಿತ್ರ, ಕೈಗೆಲಸಗಳೂ ಪಾಠದ ಭಾಗವಾಗಿದ್ದವು.